ಲಾಳಿಯ ಸದ್ದು, ಮುಪ್ಪಿನ ಕಿವಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಮತ್ತು ಪೋಷಕರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ 'ಮಾತೃಭಾಷೆಯ ಉಳಿವು'. ಈ ವಿಷಯವನ್ನು ಕುರಿತು ಇದೇ ವೇದಿಕೆಯಿಂದ ಅನೇಕ ವಿದ್ವಾಂಸರು ಮಾತನಾಡಿದ್ದಾರೆ. ನಾಲಿಗೆಯ ವಿಚಾರ, ಲಿಪಿಯ ವಿಚಾರ, ಪಠ್ಯಪುಸ್ತಕಗಳ ಮತ್ತು ಶಿಕ್ಷಕರ ಕೊರತೆಯ ವಿಚಾರ ಇವೆಲ್ಲವೂ ಚರ್ಚೆಗೆ ಬಂದಿವೆ. ಕಿವಿಯ ವಿಚಾರ ಮಾತ್ರ ಬಂದಿಲ್ಲ. ಸಮಿತಿಯವರ ಒಪ್ಪಿಗೆ ಪಡೆದು ನಾನು ಇಂದು ಅದನ್ನೇ ಎತ್ತಿಕೊಂಡಿದ್ದೇನೆ. ವಯಸ್ಸಾದಂತೆ ಶ್ರವಣಶಕ್ತಿ ಏಕೆ ಕುಗ್ಗುತ್ತದೆ, ನಮ್ಮ ಊರುಗಳಲ್ಲಿ ಅದು ಏಕೆ ಬೇಗನೆ ಕುಗ್ಗುತ್ತದೆ, ಕುಗ್ಗಿದಾಗ ಮನೆಯೊಳಗಿನ ಕನ್ನಡಕ್ಕೆ ಏನಾಗುತ್ತದೆ ಎಂಬುದೇ ನನ್ನ ಮಾತಿನ ವಸ್ತು.

ನಮ್ಮ ಮಕ್ಕಳ ಸ್ಥಿತಿ ತಮಗೆಲ್ಲ ತಿಳಿದದ್ದೇ. ಬೀದಿಯಲ್ಲಿ ತಮಿಳು, ಬಸ್ಸಿನಲ್ಲಿ ತಮಿಳು, ಕೈಯಲ್ಲಿರುವ ಫೋನಿನಲ್ಲಿ ತಮಿಳು ಮತ್ತು ಇಂಗ್ಲಿಷ್. ಇದರಲ್ಲಿ ನನಗೆ ಯಾವ ದೂರೂ ಇಲ್ಲ. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ನೆರೆಹೊರೆಯ ಭಾಷೆ, ನಮ್ಮ ಮಕ್ಕಳು ಅದನ್ನು ಚೆನ್ನಾಗಿಯೇ ಕಲಿಯಬೇಕು. ಆದರೆ ಶಾಲೆಯ ಕೆಲವು ಗಂಟೆಗಳನ್ನು ಬಿಟ್ಟರೆ ಮಗುವಿಗೆ ಕನ್ನಡ ದೊರೆಯುವ ಸ್ಥಳ ಮನೆಯೊಂದೇ. ಆ ಮನೆಯಲ್ಲಿಯೂ ತಂದೆತಾಯಿಗಳು ತಿರುಪ್ಪೂರಿನ ಬನಿಯನ್ ಕಂಪನಿಯಿಂದಲೋ ಮಗ್ಗದ ಶೆಡ್ಡಿನಿಂದಲೋ ರಾತ್ರಿ ಮನೆ ಸೇರುವವರು. ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ಮಗುವಿನ ಜೊತೆಗಿರುವವರು ಅಜ್ಜಿ, ತಾತ. ನಮ್ಮ ಶಾಲೆಗೆ ಮೊದಲನೆಯ ತರಗತಿಗೆ ಬರುವ ಮಗುವಿನ ಬಾಯಲ್ಲಿರುವ ಕನ್ನಡ ಬಹುಮಟ್ಟಿಗೆ ಅಜ್ಜಿ ಕೊಟ್ಟ ಕನ್ನಡ. ಆ ಅಜ್ಜಿಗೆ ಮಗುವಿನ ಮಾತು ಕೇಳಿಸದೆ ಹೋದರೆ? ಎರಡು ಸಲ, ಮೂರು ಸಲ 'ಏನು, ಏನಂದೆ?' ಎನ್ನಿಸಿಕೊಂಡ ಮಗು ನಾಲ್ಕನೆಯ ಸಲ ಹೇಳುವುದಿಲ್ಲ. ಎದ್ದು ಹೋಗಿ ಫೋನು ಹಿಡಿಯುತ್ತದೆ. ತರಗತಿಯಲ್ಲಿ ಇದರ ಪರಿಣಾಮವನ್ನು ನಾನು ಕಾಣುತ್ತಿದ್ದೇನೆ.

ಮೊದಲು ಕಿವಿಯ ರಚನೆಯನ್ನು ನೋಡೋಣ. ಎಂಟನೆಯ ತರಗತಿಯ ವಿಜ್ಞಾನವನ್ನು ಮರೆತಿರುವ ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು. ಹೊರಗಿನಿಂದ ಬಂದ ಶಬ್ದ ಕಿವಿಯ ತಮಟೆಯನ್ನು ಅಲುಗಿಸುತ್ತದೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳು ಆ ಅಲುಗಾಟವನ್ನು ಒಳಗಿವಿಗೆ ದಾಟಿಸುತ್ತವೆ. ಒಳಗಿವಿಯಲ್ಲಿ ಶಂಖದಂತೆ ಎರಡೂವರೆ ಸುತ್ತಿಗೂ ಸ್ವಲ್ಪ ಹೆಚ್ಚಾಗಿ ಸುತ್ತಿಕೊಂಡ, ದ್ರವ ತುಂಬಿದ ಒಂದು ನಾಳವಿದೆ. ಬಿಡಿಸಿ ಚಾಚಿದರೆ ಅದರ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಅದರ ಉದ್ದಕ್ಕೂ ಸಾಲುಸಾಲಾಗಿ ನಿಂತಿರುವುದು ರೋಮಕೋಶಗಳು. ಇಟಲಿಯ ಅಲ್ಫೋನ್ಸೋ ಕೋರ್ಟಿ ೧೮೫೧ರಲ್ಲಿ ಸೂಕ್ಷ್ಮದರ್ಶಕದ ಮೂಲಕ ನೋಡಿ ವರ್ಣಿಸಿದ ಈ ಕೋಶಗಳೇ ಅಲುಗಾಟವನ್ನು ನರದ ಸಂಕೇತವಾಗಿ ಮಾರ್ಪಡಿಸುವಂಥವು. ಒಂದೊಂದು ಕಿವಿಯಲ್ಲಿ ಇವು ಸುಮಾರು ೧೫,೦೦೦ ಮಾತ್ರ. ಕಣ್ಣಿನ ಪರದೆಯಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಕೋಟಿಗಟ್ಟಲೆ ಇರುವಾಗ ಕಿವಿಗೆ ದೊರೆತದ್ದು ಇಷ್ಟೇ.

ಈ ಹದಿನೈದು ಸಾವಿರವೂ ನಾವು ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಂಡು ಮುಗಿದಿರುತ್ತವೆ. ಆಮೇಲೆ ಒಂದು ಸತ್ತರೆ ಅದರ ಜಾಗಕ್ಕೆ ಇನ್ನೊಂದು ಹುಟ್ಟುವುದಿಲ್ಲ. ನೇಕಾರರ ಮನೆಗಳಿಂದ ಬಂದ ತಮಗೆ ನಮ್ಮ ಭಾಷೆಯಲ್ಲಿಯೇ ಹೇಳುತ್ತೇನೆ: ಹಾಸಿನ ಎಳೆ ಕಡಿದರೆ ಗಂಟು ಹಾಕಿ ನೇಯ್ಗೆ ಮುಂದುವರಿಸಬಹುದು. ಕಿವಿಯ ಹಾಸಿನಲ್ಲಿ ಕಡಿದ ಎಳೆಗೆ ಗಂಟಿಲ್ಲ. ಹಕ್ಕಿಗಳಿಗೆ ಈ ಭಾಗ್ಯವಿದೆ. ಕೋಳಿಮರಿಯ ಮತ್ತು ಇತರ ಪಕ್ಷಿಗಳ ಕಿವಿಯಲ್ಲಿ ನಾಶವಾದ ರೋಮಕೋಶಗಳು ಮತ್ತೆ ಹುಟ್ಟುತ್ತವೆಂದು ೧೯೮೦ರ ದಶಕದಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಮನುಷ್ಯನಲ್ಲಿ ಅದನ್ನು ಸಾಧಿಸುವ ಪ್ರಯತ್ನಗಳು ಇನ್ನೂ ನಡೆಯುತ್ತಲೇ ಇವೆ. ಸದ್ಯಕ್ಕೆ ಮನೆಯ ಅಂಗಳದ ಕೋಳಿ ಈ ಒಂದು ವಿಷಯದಲ್ಲಿ ನಮಗಿಂತ ಮೇಲು.

ಶಂಖದ ಬುಡದಲ್ಲಿರುವ ಕೋಶಗಳು ಕೀಚಲು ಸ್ವರಗಳನ್ನೂ, ತುದಿಯ ಕಡೆಗಿರುವವು ಗಡಸು ಸ್ವರಗಳನ್ನೂ ಹಿಡಿಯುತ್ತವೆ. ಜಾರ್ಜ್ ಫಾನ್ ಬೆಕೆಸಿ ಎಂಬ ಹಂಗೇರಿಯ ವಿಜ್ಞಾನಿ ಶಬ್ದದ ಅಲೆ ಶಂಖದೊಳಗೆ ಸಾಗುವ ಬಗೆಯನ್ನು ಕಂಡುಹಿಡಿದು ೧೯೬೧ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಮುಪ್ಪಿನಲ್ಲಿ ಮೊದಲು ಸವೆಯುವುದು ಬುಡದ ಕೋಶಗಳು. ಜೊತೆಗೆ ಒಳಗಿವಿಯ ದ್ರವಕ್ಕೆ ವಿದ್ಯುತ್ ಶಕ್ತಿ ಒದಗಿಸುವ ಅಂಗಾಂಶ ಸೊರಗುತ್ತದೆ, ಕಿವಿಯಿಂದ ಮಿದುಳಿಗೆ ಹೋಗುವ ನರದ ಎಳೆಗಳು ಕಡಿಮೆಯಾಗುತ್ತವೆ, ಬಂದ ಸಂಕೇತಗಳನ್ನು ವಿಂಗಡಿಸುವ ಮಿದುಳಿನ ವೇಗವೂ ತಗ್ಗುತ್ತದೆ. ವಂಶಪಾರಂಪರ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಹಿಂದೆ ಕ್ಷಯಕ್ಕೆ ಧಾರಾಳವಾಗಿ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್‌ನಂತಹ ಔಷಧಗಳು, ಇವೆಲ್ಲವೂ ತಮ್ಮ ಪಾಲನ್ನು ಸೇರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ೬೦ ವರ್ಷ ದಾಟಿದವರ ಪೈಕಿ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಮಂದಿಗೆ ದಿನನಿತ್ಯದ ಬಾಳಿಗೆ ತೊಡಕಾಗುವಷ್ಟು ಶ್ರವಣದೋಷವಿದೆ.

ಬುಡದ ಕೋಶಗಳು ಮೊದಲು ಹೋಗುವುದರಿಂದ ಕೇಳುವುದು ಪೂರ್ತಿ ನಿಲ್ಲುವುದಿಲ್ಲ, ಮಾತು ಒಡೆಯುತ್ತದೆ. ನಮ್ಮ ಮಾತಿನಲ್ಲಿ ಸ್ವರಗಳು ಗಡಸು, ಬಲವುಳ್ಳವು. ವ್ಯಂಜನಗಳಲ್ಲಿ ಕ, ಚ, ತ, ಪ, ಸ, ಶ ಮುಂತಾದವು ಕೀಚಲು, ಬಲಹೀನ, ಕ್ಷಣಮಾತ್ರ ಇರುವಂಥವು. ಮುದುಕರ ಕಿವಿಗೆ ಸ್ವರ ತಲುಪುತ್ತದೆ, ವ್ಯಂಜನ ಉದುರಿಹೋಗುತ್ತದೆ. 'ಕಟ್ಟೆ', 'ತಟ್ಟೆ', 'ಪಟ್ಟೆ' ಈ ಮೂರರಲ್ಲಿ ಬೇರೆಯಾಗಿರುವುದು ಮೊದಲ ವ್ಯಂಜನವೊಂದೇ. ಅದು ಉದುರಿದರೆ ಉಳಿಯುವುದು 'ಅಟ್ಟೆ'. ಮೊಮ್ಮಗ 'ಕಾಸು' ಕೇಳಿದರೆ ತಾತ ಗಡಿಯಾರ ನೋಡಿ 'ತಾಸು' ಹೇಳುವುದು ಹಾಸ್ಯವಲ್ಲ, ಶರೀರಶಾಸ್ತ್ರ. ಆದ್ದರಿಂದಲೇ ಹಿರಿಯರು 'ನೀವು ಮಾತನಾಡುವುದು ಕೇಳಿಸುತ್ತದೆ, ಏನೆಂಬುದು ತಿಳಿಯುವುದಿಲ್ಲ' ಎನ್ನುತ್ತಾರೆ. ಅವರ ಮಾತು ಅಕ್ಷರಶಃ ಸತ್ಯ. ಇನ್ನು ನಮ್ಮ ಶಿಕ್ಷಕರು ಹಟ ಹಿಡಿದು ಕಲಿಸುವ ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಆ ಕಿವಿಗಳ ಮುಂದೆ ಎತ್ತುವುದೇ ಬೇಡ. ಆಡುಮಾತಿನಲ್ಲಿ ಅದು ಎಳೆಯರ ನಾಲಿಗೆಯ ಮೇಲೂ ಅಷ್ಟಕ್ಕಷ್ಟೇ.

ನಮ್ಮ ಭಾಷೆಯಲ್ಲಿ 'ಜಾಣಗಿವುಡು' ಎಂಬ ಪದವಿದೆ. ಬೇಕಾದ್ದು ಮಾತ್ರ ಕೇಳಿಸಿಕೊಳ್ಳುವವರಿಗೆ ನಾವು ಹೇಳುವ ಮಾತು. ಈ ಪದ ಎಷ್ಟು ಮನೆಗಳಲ್ಲಿ ಎಷ್ಟು ಮನಸ್ತಾಪಕ್ಕೆ ಕಾರಣವಾಗಿದೆಯೋ! 'ಮಗ ಕರೆದರೆ ಅತ್ತೆಗೆ ಕೇಳಿಸುತ್ತದೆ, ನಾನು ಕರೆದರೆ ಕೇಳಿಸುವುದಿಲ್ಲ' ಎಂದು ಸೊಸೆಯಂದಿರು ನನ್ನೊಡನೆ ಹೇಳಿಕೊಂಡದ್ದುಂಟು. ಗಂಡಸಿನ ದನಿ ದಪ್ಪ, ಹೆಂಗಸಿನ ದನಿ ಸಣ್ಣ, ಮಗುವಿನದು ಇನ್ನೂ ಸಣ್ಣ. ಮುಪ್ಪಿನ ಕಿವಿ ಈ ಕ್ರಮದಲ್ಲಿಯೇ ಸೋಲುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಚೆನ್ನಾಗಿ ಕೇಳಿಸಿಕೊಂಡವರು ಚೌಡೇಶ್ವರಿ ಹಬ್ಬದ ಜನಜಂಗುಳಿಯಲ್ಲಿ ದಿಕ್ಕುತಪ್ಪಿ ನಿಲ್ಲುವುದಕ್ಕೂ ಇಂತಹುದೇ ಕಾರಣವಿದೆ. ಅದನ್ನು ಜಾಣತನವೆಂದು ಕರೆಯುವುದು ಅನ್ಯಾಯ.

ಇಷ್ಟು ಎಲ್ಲ ಊರುಗಳಿಗೂ ಸಲ್ಲುವ ಮಾತಾಯಿತು. ನಮ್ಮ ಊರುಗಳ ಮಾತು ಬೇರೆಯೇ ಇದೆ. ಅದಕ್ಕೆ ನಮ್ಮ ಶಾಲೆಯ ದಾಖಲಾತಿ ಪುಸ್ತಕಗಳೇ ಸಾಕ್ಷಿ. ಶತಮಾನೋತ್ಸವದ ಕೆಲಸಕ್ಕಾಗಿ ಅವನ್ನು ಕೆಳಗಿಳಿಸಿ ಧೂಳು ಒರೆಸಿದಾಗ 'ತಂದೆಯ ಉದ್ಯೋಗ' ಎಂಬ ಅಂಕಣವನ್ನು ನಾನು ಪುಟದಿಂದ ಪುಟಕ್ಕೆ ಓದಿದೆ. ಮೊದಲ ಪುಸ್ತಕಗಳಲ್ಲಿ 'ನೇಯ್ಗೆ' ಎಂದಿದೆ. ಮುಂದೆ 'ಮಿಲ್ಲು' ಎಂಬ ಪದ ಕಾಣಿಸಿಕೊಳ್ಳುತ್ತದೆ. ಅದರ ಮುಂದೆ 'ಪವರ್ ಲೂಮ್'. ಈಚಿನವುಗಳಲ್ಲಿ 'ಬನಿಯನ್ ಕಂಪನಿ'. ಇದು ನಮ್ಮ ಜನರ ಉದ್ಯೋಗದ ಚರಿತ್ರೆ ಎಂದು ಎಲ್ಲರೂ ಹೇಳಬಹುದು. ನನಗೆ ಅದು ಸದ್ದಿನ ಚರಿತ್ರೆಯಾಗಿ ಕಂಡಿತು.

ಗುಂಡಿಮಗ್ಗದ ಸದ್ದು ಮನುಷ್ಯನ ಕೈಕಾಲಿನ ಲಯದ ಸದ್ದು. ಅದರ ಮುಂದೆ ಕುಳಿತು ಹಾಡಬಹುದು, ಮಗುವಿಗೆ ಮಗ್ಗಿ ಹೇಳಿಕೊಡಬಹುದು. ಸಿರುಮುಗೈಯ ರೇಷ್ಮೆ ಮಗ್ಗಗಳ ಮನೆಗಳಲ್ಲಿ ಇಂದಿಗೂ ಅದು ಸಾಧ್ಯ. ಕೋಯಂಬತ್ತೂರಿಗೆ ೧೮೮೮ರಲ್ಲಿ ಮೊದಲ ನೂಲಿನ ಗಿರಣಿ ಬಂದಿತು. ೧೯೩೦ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಒಂದರ ಪಕ್ಕದಲ್ಲೊಂದು ಎದ್ದವು. ಬಳಿಕ ಸೋಮನೂರು, ಪಲ್ಲಡಂ, ಅವಿನಾಶಿ, ಸೂಲೂರಿನ ಸುತ್ತಮುತ್ತ ವಿದ್ಯುತ್ ಮಗ್ಗಗಳು ಹಬ್ಬಿದವು. ಲಾಳಿಯನ್ನು ಯಂತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿದು ಎಸೆಯುವ ಮಗ್ಗ ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಬಾರಿ ಬಡಿಯುತ್ತದೆ. ಅಂತಹ ಮಗ್ಗಗಳ ಶೆಡ್ಡಿನೊಳಗೆ ಸದ್ದು ೯೫ ಡೆಸಿಬೆಲ್ ದಾಟುವುದು ಸಾಮಾನ್ಯ.

ಡೆಸಿಬೆಲ್ ಎಂಬ ಅಳತೆ ನಮ್ಮನ್ನು ಮೋಸಗೊಳಿಸುತ್ತದೆ. ಅದು ಅಕ್ಕಿ ಅಳೆಯುವ ಸೇರಿನಂತಲ್ಲ. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ದಿನಕ್ಕೆ ಎಂಟು ಗಂಟೆಯ ಕೆಲಸಕ್ಕೆ ೮೫ ಡೆಸಿಬೆಲ್ ಮೇಲ್ಮಿತಿಯೆಂಬುದು ವೈದ್ಯಶಾಸ್ತ್ರದ ಸಲಹೆ. ಆ ಲೆಕ್ಕದಲ್ಲಿ ೮೮ಕ್ಕೆ ನಾಲ್ಕು ಗಂಟೆ, ೯೧ಕ್ಕೆ ಎರಡು ಗಂಟೆ, ೯೪ಕ್ಕೆ ಒಂದೇ ಗಂಟೆ. ೧೦೦ ಡೆಸಿಬೆಲ್ಲಿಗೆ ಹದಿನೈದು ನಿಮಿಷ. ನಮ್ಮವರು ನಿಂತದ್ದು ಹನ್ನೆರಡು ಗಂಟೆಯ ಪಾಳಿ. ನಮ್ಮ ಕಾರ್ಖಾನೆ ನಿಯಮಗಳು ಬಹುಕಾಲದಿಂದ ಹೇಳುತ್ತ ಬಂದಿರುವ ಮಿತಿ ಎಂಟು ಗಂಟೆಗೆ ೯೦ ಡೆಸಿಬೆಲ್. ಸದ್ದಿನಿಂದಾದ ಕಿವುಡು ನಮ್ಮ ಕಾನೂನಿನಲ್ಲಿ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗವೆಂದು ಎಣಿಕೆಯಾಗಿದೆ. ಆದರೆ ಮನೆಯ ಹಿತ್ತಲಲ್ಲಿ ಆರು ಮಗ್ಗ ಹಾಕಿಕೊಂಡು ಗಂಡ ಹೆಂಡತಿ ದುಡಿಯುವ ಕಡೆಗೆ ಯಾವ ನಿಯಮ ನಡೆದು ಬರುತ್ತದೆ? ಅಲ್ಲಿ ಮಾಲೀಕನೂ ಅವನೇ, ಕಾರ್ಮಿಕನೂ ಅವನೇ. ಗೋಡೆಯ ಆಚೆ ತೊಟ್ಟಿಲಲ್ಲಿ ಮಗುವೂ ಇರುತ್ತದೆ.

ಇದು ಹೊಸ ಸಂಗತಿಯೇನೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ ೧೭೦೦ರಲ್ಲಿ ಪ್ರಕಟಿಸಿದ ಕುಶಲಕರ್ಮಿಗಳ ರೋಗಗಳ ಗ್ರಂಥದಲ್ಲಿ, ದಿನವಿಡೀ ತಾಮ್ರ ಬಡಿಯುವ ಕಂಚುಗಾರರು ಮುಪ್ಪಿನಲ್ಲಿ ಪೂರ್ತಿ ಕಿವುಡಾಗುವುದನ್ನು ದಾಖಲಿಸಿದ್ದಾನೆ. ಇಂಗ್ಲೆಂಡಿನ ಲ್ಯಾಂಕಾಷೈರಿನ ಹತ್ತಿ ಗಿರಣಿಗಳ ಹೆಣ್ಣುಮಕ್ಕಳು ಮಗ್ಗದ ಅಬ್ಬರದಲ್ಲಿ ತುಟಿಯ ಚಲನೆಯನ್ನೇ ಓದಿ ಮಾತನಾಡುವ ಕಲೆಯನ್ನು ರೂಢಿಸಿಕೊಂಡಿದ್ದರು. ನಮ್ಮ ಶೆಡ್ಡುಗಳಲ್ಲಿಯೂ ಕೈಸನ್ನೆ, ಹುಬ್ಬಿನ ಸನ್ನೆ ನಡೆಯುವುದನ್ನು ತಾವು ಬಲ್ಲಿರಿ.

ಹಾಗಾದರೆ ನಮ್ಮ ಹಿರಿಯರ ಕಿವುಡು ವಯಸ್ಸಿನದೋ, ಮಗ್ಗದ್ದೋ? ಎರಡೂ ಹೌದು. ಸದ್ದಿನ ಪೆಟ್ಟು ಮೊದಲು ಬೀಳುವುದು ೪,೦೦೦ ಹರ್ಟ್ಸ್‌ನ ಆಸುಪಾಸಿನಲ್ಲಿ. ವಯಸ್ಸಿನ ಸವೆತ ಅದಕ್ಕಿಂತ ಮೇಲಿನಿಂದ ಆರಂಭವಾಗಿ ಕೆಳಗಿಳಿಯುತ್ತದೆ. ಸದ್ದಿನ ಹಾನಿಯ ದೊಡ್ಡ ಭಾಗ ಕೆಲಸಕ್ಕೆ ಸೇರಿದ ಮೊದಲ ಹತ್ತು ಹದಿನೈದು ವರ್ಷಗಳಲ್ಲಿಯೇ ನಡೆದುಹೋಗುತ್ತದೆ. ಹದಿನೆಂಟಕ್ಕೆ ಮಗ್ಗದ ಮುಂದೆ ನಿಂತವನ ಕಿವಿ ಮೂವತ್ತು ಮೂವತ್ತೈದಕ್ಕೇ ಮುಪ್ಪಿನ ಅರ್ಧದಾರಿ ಕ್ರಮಿಸಿರುತ್ತದೆ. ಆಗ ಅವನಿಗೆ ಏನೂ ತಿಳಿಯುವುದಿಲ್ಲ. ರಾತ್ರಿ ಮಲಗಿದಾಗ ಕಿವಿಯೊಳಗೆ ಗುಂಯ್ ಎನ್ನುವ ಮೊರೆತ ಕೇಳಿಸಬಹುದು, ಅಷ್ಟೇ. ಐವತ್ತೈದಕ್ಕೆ ವಯಸ್ಸು ತನ್ನ ಪಾಲು ಕೇಳಲು ಬಂದಾಗ ಉಳಿತಾಯವೇ ಇರುವುದಿಲ್ಲ.

ಮುಪ್ಪಿಗೆ ಕಿವುಡು ಕಟ್ಟಿಟ್ಟ ಬುತ್ತಿಯೇ ಎಂದು ಕೆಲವರು ಕೇಳುತ್ತಾರೆ. ನ್ಯೂಯಾರ್ಕಿನ ಕಿವಿತಜ್ಞ ಸ್ಯಾಮ್ಯುಯೆಲ್ ರೋಸೆನ್ ೧೯೬೦ರ ದಶಕದ ಆರಂಭದಲ್ಲಿ ಸುಡಾನಿನ ಮಬಾನ್ ಎಂಬ ಬುಡಕಟ್ಟಿನವರನ್ನು ಪರೀಕ್ಷಿಸಿದರು. ಯಂತ್ರದ ಸದ್ದೇ ಇಲ್ಲದ ಹಳ್ಳಿಗಳು. ಅಲ್ಲಿನ ಎಪ್ಪತ್ತರ ವೃದ್ಧರ ಶ್ರವಣ ಅದೇ ವಯಸ್ಸಿನ ಅಮೆರಿಕನ್ನರಿಗಿಂತ ಬಹಳ ಚೆನ್ನಾಗಿತ್ತು. ಅವರ ಆಹಾರ, ರಕ್ತನಾಳಗಳ ಆರೋಗ್ಯ, ವಂಶಗುಣ ಕೂಡ ಕಾರಣವಾಗಿರಬಹುದೆಂಬ ವಾದವಿದೆ, ಅದು ಸರಿಯಾದ ವಾದವೇ. ಆದರೂ ವಯಸ್ಸಿನ ಹೆಸರಿನಲ್ಲಿ ನಾವು ಬರೆದಿಡುವ ಲೆಕ್ಕದಲ್ಲಿ ಸದ್ದಿನ ಬಾಕಿ ಬಹಳವಿದೆ ಎಂಬುದನ್ನು ಆ ಅಧ್ಯಯನ ಎತ್ತಿ ತೋರಿಸಿತು.

ಈಗ ಮಾಡಬೇಕಾದದ್ದೇನು? ಹೋದ ಕೋಶ ಬರುವುದಿಲ್ಲ, ಇರುವುದನ್ನು ಕಾಯಬಹುದು. ಈ ಸಭೆಯಲ್ಲಿ ಮಗ್ಗದ ಶೆಡ್ಡು ನಡೆಸುವ ಹಳೆಯ ವಿದ್ಯಾರ್ಥಿಗಳು ಹಲವರಿದ್ದೀರಿ. ಶೆಡ್ಡಿನ ಹತ್ತಿಯನ್ನೇ ಕಿವಿಗೆ ತುರುಕಿಕೊಳ್ಳುವ ಪದ್ಧತಿಯಿದೆ. ಅದರಿಂದ ಪ್ರಯೋಜನ ಅತ್ಯಲ್ಪ. ಸರಿಯಾಗಿ ಕೂರುವ ಕಿವಿಬಿರಡೆ ಅಥವಾ ಕಿವಿಯನ್ನು ಪೂರ್ತಿ ಮುಚ್ಚುವ ಕವಚ ಬೇಕು. ಅದನ್ನು ಮಾಲೀಕರು ತಾವು ಮೊದಲು ಹಾಕಿಕೊಂಡರೆ ಕೆಲಸಗಾರರೂ ಹಾಕಿಕೊಳ್ಳುತ್ತಾರೆ. ಇನ್ನು ಕಿವಿಗೆ ಕಾಯಿಸಿದ ಎಣ್ಣೆ ಬಿಡುವುದು, ಹೇರ್‌ಪಿನ್ನಿನಿಂದ ಗುಗ್ಗೆ ತೆಗೆಯುವುದು, ಇವೆರಡನ್ನೂ ದಯವಿಟ್ಟು ನಿಲ್ಲಿಸಿ. ಕೆಲವೊಮ್ಮೆ ಕಿವಿ ಮಂದವಾಗಲು ಗುಗ್ಗೆ ಗಟ್ಟಿಯಾದದ್ದೇ ಕಾರಣವಿರುತ್ತದೆ. ವೈದ್ಯರು ಅದನ್ನು ಐದು ನಿಮಿಷದಲ್ಲಿ ತೆಗೆದುಬಿಡುತ್ತಾರೆ. ಆದ್ದರಿಂದ ಪರೀಕ್ಷೆಯಾಗದೆ 'ವಯಸ್ಸಾಯಿತು' ಎಂದು ಷರಾ ಬರೆಯಬೇಡಿ.

ಪರೀಕ್ಷೆಯ ವಿಷಯದಲ್ಲಿ ಕನ್ನಡಿಗರು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಕಿವಿಗೆ ಬೇರೆಬೇರೆ ನಾದಗಳನ್ನು ಕೇಳಿಸಿ ಮಾಡುವ ಪರೀಕ್ಷೆಗೆ ಭಾಷೆ ಬೇಕಿಲ್ಲ. ಮಾತು ಎಷ್ಟು ತಿಳಿಯುತ್ತದೆಂದು ನೋಡುವ ಪರೀಕ್ಷೆಗೆ ಪದಗಳ ಪಟ್ಟಿ ಬೇಕು. ಇಲ್ಲಿ ಅದು ಸಹಜವಾಗಿ ತಮಿಳಿನಲ್ಲಿರುತ್ತದೆ. ಬಹುಪಾಲು ನಮ್ಮವರಿಗೆ ಅದರಿಂದ ತೊಂದರೆಯಿಲ್ಲ. ಮನೆಬಿಟ್ಟು ಹೆಚ್ಚು ಹೊರಗೆ ಹೋಗದ ಎಂಬತ್ತರ ಅಜ್ಜಿಯರ ಫಲಿತಾಂಶ ಮಾತ್ರ ಇರುವುದಕ್ಕಿಂತ ಕಡಿಮೆ ಕಾಣಬಹುದು. ಪರೀಕ್ಷಕರಿಗೆ 'ಇವರ ಮನೆಮಾತು ಕನ್ನಡ' ಎಂದು ಮೊದಲೇ ತಿಳಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳು ಸಿದ್ಧವಾಗಿವೆ. ಸತ್ಯಮಂಗಲ, ದಿಂಬಂ ಘಟ್ಟ, ಚಾಮರಾಜನಗರದ ದಾರಿಯಲ್ಲಿ ಹೋದರೆ ಹೊತ್ತು ಮುಳುಗುವುದರೊಳಗೆ ತಲುಪುವ ಊರು. ಎಲ್ಲರೂ ಅಷ್ಟು ದೂರ ಹೋಗಬೇಕೆಂದಿಲ್ಲ. ಕೋಯಂಬತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿಯೂ ಕಿವಿ ಮೂಗು ಗಂಟಲು ವಿಭಾಗವಿದೆ. ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಶ್ರವಣಸಾಧನ ಮುಂತಾದವನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ ೨೦೧೭ರಲ್ಲಿ ಆರಂಭವಾಗಿದೆ.

ಶ್ರವಣಸಾಧನವನ್ನು ಕನ್ನಡಕದಂತೆ ಭಾವಿಸಿ ನಿರಾಶರಾಗುವವರು ಬಹಳ. ಹಾಕಿದೊಡನೆ ಎಲ್ಲವೂ ತಿಳಿಯಾಗುವುದಿಲ್ಲ. ವರ್ಷಗಟ್ಟಲೆ ಕೇಳದಿದ್ದ ಸದ್ದುಗಳು, ಪಾತ್ರೆಯ ಸದ್ದು, ಫ್ಯಾನಿನ ಸದ್ದು, ಒಮ್ಮೆಗೇ ನುಗ್ಗಿ ಬರುತ್ತವೆ. ಮಿದುಳು ಅವನ್ನು ಮತ್ತೆ ವಿಂಗಡಿಸಲು ಕಲಿಯಬೇಕು. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಮೂರನೆಯ ದಿನವೇ ಬಿಚ್ಚಿ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಎಪ್ಪತ್ತು ದಾಟಿದ ೯೭೭ ಜನರ ಮೇಲೆ ಮೂರು ವರ್ಷ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಒಟ್ಟು ಗುಂಪಿನಲ್ಲಿ ಸಾಧನದಿಂದ ಬುದ್ಧಿಶಕ್ತಿಯ ಇಳಿತ ನಿಧಾನವಾದುದು ಕಂಡುಬರಲಿಲ್ಲ. ಮರೆವಿನ ರೋಗದ ಅಪಾಯ ಹೆಚ್ಚಾಗಿದ್ದವರಲ್ಲಿ ಮಾತ್ರ ಆ ಇಳಿತ ಸುಮಾರು ಅರ್ಧದಷ್ಟು ನಿಧಾನವಾಯಿತು. ಪವಾಡವೆಂದು ಜಾಹೀರಾತು ಹೇಳುವವರನ್ನು ನಂಬಬೇಡಿ, ಪ್ರಯೋಜನವಿಲ್ಲವೆಂದು ಕೈಬಿಡಲೂ ಬೇಡಿ.

ಮಕ್ಕಳಿಗೆ ನಾವು ತರಗತಿಯಲ್ಲಿ ಕಲಿಸುತ್ತಿರುವುದನ್ನು ಪೋಷಕರಿಗೂ ಹೇಳುತ್ತೇನೆ. ಅಜ್ಜಿಯೊಡನೆ ಮಾತನಾಡುವಾಗ ಕಿರುಚಬಾರದು. ಸವೆದ ಕಿವಿಗೆ ಮೆಲುದನಿ ಕೇಳಿಸುವುದಿಲ್ಲ, ಗಟ್ಟಿದನಿ ನೋಯಿಸುತ್ತದೆ, ನಡುವಿನ ಜಾಗ ಬಹಳ ಕಿರಿದು. ಕಿರುಚಿದರೆ ಬಲವಾಗುವುದು ಸ್ವರವೇ ಹೊರತು ವ್ಯಂಜನವಲ್ಲ. ಟಿವಿ ಆರಿಸಿ, ಎದುರಿಗೆ ಬಂದು, ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತು, ನಿಧಾನವಾಗಿ ಹೇಳಬೇಕು. 'ಪಟ್ಟೆ' ಎನ್ನುವಾಗ ತುಟಿ ಮುಚ್ಚಿ ತೆರೆಯುವುದು ಅಜ್ಜಿಗೆ ಕಾಣುತ್ತದೆ. 'ಕಟ್ಟೆ', 'ತಟ್ಟೆ' ಕಣ್ಣಿಗೆ ಅಷ್ಟು ಸುಲಭವಲ್ಲ, ಅಲ್ಲಿ ವಾಕ್ಯವನ್ನೇ ಬದಲಿಸಬೇಕು: 'ಅಜ್ಜಿ, ಊಟದ ತಟ್ಟೆ ಎಲ್ಲಿದೆ?' ಅದೇ ಪದವನ್ನು ಹತ್ತು ಸಲ ಕೂಗುವುದಕ್ಕಿಂತ ಒಂದು ಪದ ಸೇರಿಸುವುದು ಲೇಸು. ಹೀಗೆ ವಾಕ್ಯ ಬದಲಿಸಿ ಹೇಳಲು ಮಗುವಿಗೆ ಹೆಚ್ಚು ಕನ್ನಡ ಬೇಕಾಗುತ್ತದೆ ಎಂಬುದು ಶಿಕ್ಷಕಿಯಾಗಿ ನನಗೆ ದೊರೆತ ಲಾಭ.

ಐದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಈ ವರ್ಷ ಒಂದು ಕೆಲಸ ಕೊಟ್ಟಿದ್ದೇವೆ. ದಿನಕ್ಕೆ ಅರ್ಧ ಗಂಟೆ ಮನೆಯ ಹಿರಿಯರ ಎದುರು ಕುಳಿತು, ಅವರು ದುಡಿದ ಕೆಲಸದ ಪದಗಳನ್ನು ಕೇಳಿ ಬರೆಯಬೇಕು. ಬರೆದದ್ದನ್ನು ಅವರಿಗೆ ಓದಿ ಹೇಳಿ ಸರಿಯೆನ್ನಿಸಿಕೊಳ್ಳಬೇಕು. ಲಾಳಿ, ಕಂಡಿಕೆ, ಹಣಿಗೆ, ಹಾಸು, ಹೊಕ್ಕು, ರಾಟೆ, ಲಡಿ ಎಂದು ಪಟ್ಟಿಗಳು ಬೆಳೆಯುತ್ತಿವೆ. ಕೆಲವು ಪದಗಳು ನನಗೂ ಹೊಸವು, ನಿಘಂಟಿನಲ್ಲಿಯೂ ದೊರೆಯಲಿಲ್ಲ. ಅವು ಸರಿಯಾಗಿ ಕೇಳಿ ಬರೆದವೋ ಅಲ್ಲವೋ ಎಂಬುದನ್ನು ಮಗ್ಗದ ಮುಂದೆ ಕುಳಿತವರೇ ಹೇಳಬೇಕು. ಆ ನೋಟ್ ಪುಸ್ತಕಗಳನ್ನು ಸಭಾಂಗಣದ ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇವೆ. ಪಕ್ಕದಲ್ಲಿ ಪೆನ್ಸಿಲ್ಲುಗಳಿವೆ. ಊಟಕ್ಕೆ ಹೋಗುವ ಮೊದಲು ದಯವಿಟ್ಟು ಒಮ್ಮೆ ನೋಡಿ, ತಪ್ಪಿದ್ದಲ್ಲಿ ತಿದ್ದಿ ಕೊಡಿ.